ಕಬ್ಬಿಣವಿಲ್ಲದ ಲೋಕವೂ ಎಂಟು ತಟ್ಟೆ ಹುಳುಗಳೂ

ಕಳೆದ ಮಂಗಳವಾರ ಬೆಳಗ್ಗೆ ಎಂಟೂಕಾಲು ಗಂಟೆಗೆ ನಾನು ರೇಷ್ಮೆ ಸಾಕುವ ಒಂದು ಹುಳುಮನೆಯ ಹೊಸ್ತಿಲಿನಿಂದ ಮೂರು ಹೆಜ್ಜೆ ಹೊರಗೆ, ಬಟ್ಟೆ ಒಗೆಯುವ ಕಲ್ಲಿನ ಎಡಕ್ಕೆ ನಿಂತಿದ್ದೆ. ಊರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿದೆ. ಬಸ್ಸಿಳಿದು ಕಾಲು ಗಂಟೆ ನಡೆಯಬೇಕು. ಊರಿನ ಹೆಸರು ಬರೆಯುವುದಿಲ್ಲ. ಆ ಮನೆಯವರು ಮುಂದಿನ ಬೆಳೆಯನ್ನೂ ಅದೇ ಊರಿನಲ್ಲಿ ಎಬ್ಬಿಸಬೇಕು.

ಎಡಕ್ಕೆ ಎಂದು ಯಾಕೆ ಒತ್ತಿ ಹೇಳುತ್ತೇನೆ? ಬಲಕ್ಕೆ ನಿಂತಿದ್ದರೆ ಗೋಡೆ ಅಡ್ಡ ಬರುತ್ತಿತ್ತು. ನನಗೆ ಏನೂ ಕಾಣುತ್ತಿರಲಿಲ್ಲ. ಈ ವಾರದ ಅಂಕಣದಲ್ಲಿ ಮುನ್ಸಿಪಾಲಿಟಿ ನಲ್ಲಿಯ ಬಗ್ಗೆ ನಾಲ್ಕು ಮಾತು ಬರೆದು ಮುಗಿಸುತ್ತಿದ್ದೆ.

ನಾನು ಒಳ್ಳೆಯ ಸುದ್ದಿ ಹೊತ್ತು ಹೋಗಿದ್ದೆ. ಅದನ್ನು ಮೊದಲೇ ಹೇಳಿಬಿಡಬೇಕು.

ಚಿಕ್ಕಬಳ್ಳಾಪುರದಲ್ಲಿ ನಮ್ಮದೊಂದು ಸಣ್ಣ ಓದುಬಳಗವಿದೆ. ವರ್ಷಕ್ಕೆ ಒಂದು ಪುಸ್ತಕ ಅಚ್ಚು ಹಾಕಿಸುತ್ತದೆ, ಅದೂ ಹೊಸಬರದ್ದು. ಬಂದ ಹಸ್ತಪ್ರತಿಯನ್ನು ಇಬ್ಬರು ಓದಿ ಅಭಿಪ್ರಾಯ ಬರೆಯುತ್ತಾರೆ. ಒಬ್ಬರು ರಿಟೈರ್ಡ್ ಪೋಸ್ಟ್‌ಮಾಸ್ಟರ್ ಕೃಷ್ಣಮೂರ್ತಿಗಳು. ಇನ್ನೊಬ್ಬ ನಾನು. (ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವನಿಗೆ ಕಾದಂಬರಿಯ ಉಸಾಬರಿ ಯಾಕೆ ಎಂದು ಕೇಳುವ ಓದುಗರಿದ್ದಾರೆ. ಅವರ ಕಾರ್ಡುಗಳು ತಲುಪಿವೆ.)

ಈ ಸಲ ಬಂದದ್ದರಲ್ಲಿ ಒಂದು ಕಾದಂಬರಿ. ಫುಲ್‌ಸ್ಕೇಪ್ ಹಾಳೆಗಳು, ಎರಡೂ ಕಡೆ ಬರವಣಿಗೆ, ಮೂಲೆಯಲ್ಲಿ ಟ್ಯಾಗ್ ದಾರ. ಹದಿನಾರು ಅಧ್ಯಾಯ. ಬರೆದವಳು ಪದ್ಮಾ. ರೇಷ್ಮೆ ಹುಳು ಸಾಕುವ ಮನೆಯ ಹುಡುಗಿ. ದಿನಾ ಬಸ್ಸಿನಲ್ಲಿ ಚಿಂತಾಮಣಿಗೆ ಹೋಗಿ ಬಿ.ಎ. ಎರಡನೇ ವರ್ಷ ಓದುತ್ತಾಳೆ. ಜೊತೆಗಿದ್ದ ಚೀಟಿಯಲ್ಲಿ ಒಂದೇ ಸಾಲು: ‘ಸಾರ್, ಇದೊಂದೇ ಪ್ರತಿ, ಜೋಪಾನ.’

ಕಾದಂಬರಿಯ ಹೆಸರು ‘ಕಬ್ಬಿಣ ಸತ್ತ ಮೇಲೆ’. ಅಡಿಯಲ್ಲಿ ಅವಳೇ ಬರೆದಿದ್ದಳು: ‘ಹದಿಹರೆಯದವರಿಗಾಗಿ ವೈಜ್ಞಾನಿಕ ಕಾದಂಬರಿ’. ಲೋಕ ಮುಗಿದ ಮೇಲಿನ ಕಥೆ.

ನೋಡಿದೊಡನೆ ನನಗೆ ಸುಸ್ತಾಯಿತು. ಇಸವಿ ಎರಡು ಸಾವಿರ ಬರಲು ಇನ್ನೂ ಆರೇಳು ವರ್ಷವಿದೆ. ಆಗಲೇ ಸಲೂನಿನಲ್ಲಿ, ಬಸ್ಸಿನಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲಿ ಪ್ರಳಯದ ಮಾತು ಕೇಳಿ ಕೇಳಿ ಸಾಕಾಗಿದೆ. ಇದ್ದ ಲೋಕವನ್ನೇ ನಡೆಸಲಾಗದೆ ಒದ್ದಾಡುತ್ತಿರುವಾಗ ಅದು ಮುಗಿದ ಮೇಲಿನ ಚಿಂತೆ ಯಾರಿಗೆ ಬೇಕು?

ಆದರೂ ಓದಿದೆ. ಮೊದಲು ಗುಣಗಳನ್ನು ಹೇಳುತ್ತೇನೆ, ಯಾಕೆಂದರೆ ಆಗ ಹೇಳಲಿಲ್ಲ.

ಒಂದು ಮುಂಜಾನೆ ಲೋಕದ ಕಬ್ಬಿಣವೆಲ್ಲ ತುಕ್ಕಾಗಿ ಉದುರಲು ತೊಡಗುತ್ತದೆ. ಇಷ್ಟೇ ಅವಳ ಕಲ್ಪನೆ. ಬಾಂಬಿಲ್ಲ, ಬೇರೆ ಗ್ರಹದವರಿಲ್ಲ. ಅವಳು ಮಾಡಿದ್ದು ಒಂದೇ ಕೆಲಸ: ಕಬ್ಬಿಣ ಎಲ್ಲೆಲ್ಲಿದೆ ಎಂದು ಕೂತು ಯೋಚಿಸಿದ್ದಾಳೆ. ಮೊದಲ ಅಧ್ಯಾಯದಲ್ಲಿ ಊರಿನ ಬಾಗಿಲುಗಳೆಲ್ಲ ಒಂದೊಂದಾಗಿ ಬೀಳುತ್ತವೆ. ಕೀಲು ಕಬ್ಬಿಣದ್ದಲ್ಲವೇ? ನನಗೆ ಹೊಳೆದಿರಲಿಲ್ಲ. ಗೌರಿಬಿದನೂರಿನ ರೈಲು ಹಳಿ ಎರಡು ಕೆಂಪು ಗೆರೆಗಳಾಗಿ ಜಲ್ಲಿಯ ಮೇಲೆ ಮಲಗುತ್ತದೆ. ಬೋರ್‌ವೆಲ್ಲಿನ ಪೈಪು ಒಳಗೇ ಕರಗಿ ನೀರು ಸಿಕ್ಕದಾಗುತ್ತದೆ. ಸ್ಟೀಲ್ ಪಾತ್ರೆ ಬಂತೆಂದು ಹಿತ್ತಾಳೆಯದನ್ನೆಲ್ಲ ಹಳೇ ಸಾಮಾನಿನವನಿಗೆ ಹಾಕಿದ ಸೊಸೆಯನ್ನು ನೋಡಿ ಅಜ್ಜಿಯೊಬ್ಬಳು ಅಂಗಳದಲ್ಲಿ ಕೂತು ನಗುತ್ತಾಳೆ. ನೀರಿಲ್ಲ, ಊಟವಿಲ್ಲ, ಆದರೂ ನಗು ನಿಲ್ಲುವುದಿಲ್ಲ. ಆ ಪುಟ ಓದಿ ನಾನೂ ನಕ್ಕೆ, ಆಮೇಲೆ ನಮ್ಮ ಮನೆಯ ಅಟ್ಟದ ಕಡೆ ನೋಡಿದೆ.

ನಗರಗೆರೆಯಿಂದ ನಾಲ್ಕು ಮಕ್ಕಳು ಹೊರಡುತ್ತಾರೆ. ಚಿಂತಾಮಣಿಯ ಹತ್ತಿರದ ಒಂದು ಬೆಟ್ಟದಲ್ಲಿ ಕಬ್ಬಿಣ ಇನ್ನೂ ಬದುಕಿದೆ ಎಂದು ಯಾರೋ ಹೇಳಿದ್ದಾರೆ. ನಾಯಕಿ ಸುಬ್ಬಿಗೆ ಹದಿನಾಲ್ಕು ವರ್ಷ. ಅವಳ ಬಳಿ ಒಂದು ಹೊಲಿಗೆ ಸೂಜಿಯಿದೆ, ಹರಳೆಣ್ಣೆಯ ಸೀಸೆಯಲ್ಲಿ ಮುಳುಗಿಸಿಟ್ಟಿದ್ದಾಳೆ. ಲೋಕದ ಕೊನೆಯ ಸೂಜಿ ಅದೇ ಇರಬಹುದು. ಆ ಸೂಜಿಯಿಂದ ಏನು ಹೊಲಿಯಬೇಕು ಎನ್ನುವುದೇ ಮಕ್ಕಳ ಜಗಳ. ಇಡೀ ಕಾದಂಬರಿಯಲ್ಲಿ ಒಬ್ಬ ದುಷ್ಟನಿಲ್ಲ. ಪ್ರೀತಿ ಪ್ರೇಮದ ಗೋಳಿಲ್ಲ. ಬಾಯಾರಿದ ಮಕ್ಕಳು ಪರಸ್ಪರ ಅಣಕಿಸುತ್ತಾ ನಡೆಯುತ್ತಾರೆ. ಅವರು ಆಡುವ ಮಾತು ನಮ್ಮ ಕಡೆಯದು, ರೇಡಿಯೋದ್ದಲ್ಲ.

ಒಂಬತ್ತನೇ ಅಧ್ಯಾಯದವರೆಗೆ ಎರಡು ಸಂಜೆಯಲ್ಲಿ ಓದಿದೆ. ಓದು ಹಿಡಿದರೆ ನನಗೆ ನಶ್ಯ ಹೆಚ್ಚು ಬೇಕು. ಒಂದು ಡಬ್ಬಿ ವಾರ ಬರುತ್ತಿದ್ದದ್ದು ಎರಡು ದಿನಕ್ಕೆ ಮುಗಿಯಿತು. ಅಷ್ಟು ಚೆನ್ನಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹತ್ತರಿಂದ ಹದಿನಾರು ಬೇರೆ ರೀತಿ ಓದಿದೆ. ಪರೀಕ್ಷೆಯ ಪೇಪರ್ ವ್ಯಾಲ್ಯುಯೇಷನ್ ಬಂದಿತ್ತು. ಬಸ್ಸಿನಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ತಿರುವಿ ಹಾಕಿದೆ.

ಇನ್ನು ದೋಷಗಳು. ಕೆಂಪು ಇಂಕಿನಲ್ಲಿ ಅಂಚಿನಲ್ಲೇ ಬರೆದೆ. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಮಕ್ಕಳು ಅರ್ಧ ದಿನದಲ್ಲಿ ಬಂದುಬಿಡುತ್ತಾರೆ. ‘ನಡೆದು ನೋಡಿದ್ದೀಯಾ?’ ಎಂದು ಬರೆದೆ. ಸಾವು ಜಾಸ್ತಿ. ಹನ್ನೊಂದನೇ ಅಧ್ಯಾಯದಲ್ಲಿ ಒಬ್ಬ ಹುಡುಗ ಎರಡು ಪುಟ ಭಾಷಣ ಮಾಡುತ್ತಾನೆ, ಬಾಯಾರಿದವನು ಅಷ್ಟು ಮಾತಾಡುತ್ತಾನೆಯೇ? ರಕ್ತದಲ್ಲೂ ಕಬ್ಬಿಣವಿದೆ, ಅದೇಕೆ ಉಳಿಯಿತು? ಇದು ನನ್ನ ದೊಡ್ಡ ಪಾಯಿಂಟು, ಕೆಮಿಸ್ಟ್ರಿಯವನ ಪಾಯಿಂಟು. ಕೊನೆಗೆ ಒಂದು ವಾಕ್ಯ ಬರೆದು ಅಡಿಗೆರೆ ಎಳೆದೆ: ‘ಇಷ್ಟು ದೊಡ್ಡ ಅನಾಹುತಕ್ಕೆ ಕಾರಣವೇ ಹೇಳಿಲ್ಲ. ಯಾರೋ ಎಲ್ಲೋ ತಿಳಿಯದೆ ಏನೋ ಮಾಡಿದರು, ಲೋಕ ಹೋಯಿತು ಎಂದರೆ ಓದುಗ ನಂಬುವುದಿಲ್ಲ.’

ನಾಲ್ಕು ಪುಟದ ಅಭಿಪ್ರಾಯ. ಮೂರೂವರೆ ಪುಟ ದೋಷ. ‘ಈ ಸಲ ಬೇಡ’ ಎಂದು ಮುಗಿಸಿದೆ. ಕೃಷ್ಣಮೂರ್ತಿಗಳು ಕಾದಂಬರಿಯನ್ನು ಮೊದಲೇ ಓದಿ ನನಗೆ ಕೊಟ್ಟಿದ್ದರು. ಅವರ ಅಭಿಪ್ರಾಯ ಏನೆಂದು ಕೇಳುವ ತಾಳ್ಮೆ ನನಗಿರಲಿಲ್ಲ. ಹಸ್ತಪ್ರತಿಯನ್ನು ಕಟ್ಟಿ, ಗುರುತಿನ ಕಂಡಕ್ಟರ್ ಕೈಯಲ್ಲಿ ಹುಡುಗಿಗೆ ವಾಪಸು ಕಳಿಸಿಬಿಟ್ಟೆ.

ಅದಾಗಿ ಎರಡು ವಾರಕ್ಕೆ, ಭಾನುವಾರ, ಬಳಗ ಸೇರಿತು. ಸಾಮಾನ್ಯವಾಗಿ ದನಿ ಎತ್ತದ ಕೃಷ್ಣಮೂರ್ತಿಗಳು ಅವತ್ತು ಎದ್ದು ನಿಂತರು. “ಮೂವತ್ತೆಂಟು ವರ್ಷ ಬೇರೆಯವರ ಕಾಗದಕ್ಕೆ ಮುದ್ರೆ ಒತ್ತಿದೀನಿ ಕಣ್ರಯ್ಯ. ಓದಬೇಕು ಅಂತ ಕೈ ತುರಿಸಿದ್ದು ಇದೊಂದಕ್ಕೆ. ಅದನ್ನ ವಾಪಸ್ ಕಳಿಸಿಬಿಟ್ಟಿದಾನಲ್ಲ ಈ ಮಹಾನುಭಾವ!” ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಪುಸ್ತಕ ಅಚ್ಚು ಹಾಕಿಸುವುದೆಂದು ತೀರ್ಮಾನವಾಯಿತು. ಕಳಿಸಿದವನೇ ಹೋಗಿ ತರಬೇಕು ಎಂದೂ ಆಯಿತು.

ಹೀಗೆ ನಾನು ಮಂಗಳವಾರ ಆ ಹೊಸ್ತಿಲಿನ ಹೊರಗೆ ಇದ್ದೆ.

“ಸಾರ್, ಅಲ್ಲೇ ನಿಂತ್ಕಳಿ, ಒಳಗೆ ಬರಬ್ಯಾಡಿ” ಎಂದು ಒಳಗಿನಿಂದ ಪದ್ಮಾಳ ತಾಯಿ ಮುನಿರತ್ನಮ್ಮ ಕೂಗಿದರು. ಬೇಸರವಾಗಲಿಲ್ಲ. ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಕಾಲು ತೊಳೆಯದೆ ಮನೆಯವರೂ ಹೋಗುವುದಿಲ್ಲ. ಮಲ್ಲಿಗೆ ಮುಡಿದು ಹೋಗುವುದಿಲ್ಲ, ಒಗ್ಗರಣೆಯ ಹೊಗೆ ಅತ್ತ ಹೋಗಗೊಡುವುದಿಲ್ಲ. ಪದ್ಮಾಳ ತಂದೆ ಬೀಡಿ ಸೇದಬೇಕಾದರೆ ತೋಟದಾಚೆಗೆ ಹೋಗಿ, ಬಾಯಿ ಕೈ ತೊಳೆದು, ಅಂಗಿ ಬಿಚ್ಚಿ ಹೊರಗೇ ನೇತುಹಾಕಿ ಬರುತ್ತಾರಂತೆ. ಅವತ್ತು ಅವರು ಸೊಪ್ಪು ಕೊಯ್ಯಲು ಹೋಗಿದ್ದರು.

ಬಿದಿರಿನ ತಟ್ಟೆಗಳು ಸ್ಟ್ಯಾಂಡಿನ ಮೇಲೆ ಸಾಲಾಗಿದ್ದವು. ಹುಳು ಎರಡನೇ ಜ್ವರ ಎದ್ದು ನಾಲ್ಕು ದಿನವೂ ಆಗಿರಲಿಲ್ಲ, ಭತ್ತದ ಕಾಳಿಗಿಂತ ಸ್ವಲ್ಪ ಉದ್ದ. (ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನಿರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ.) ಎಡಗಡೆಯ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿದ್ದವು. ಇನ್ನೊಂದು ಜ್ವರ ಇರಬೇಕು ಎಂದುಕೊಂಡೆ. ಆಮೇಲೆ ನೋಡಿದರೆ ಅವು ಸುಮ್ಮನಿರಲಿಲ್ಲ. ತಲೆಯನ್ನು ಅತ್ತ ಇತ್ತ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು ಬರುತ್ತಿತ್ತು. ಸಾವಿರಾರು ಸಣ್ಣ ತಲೆಗಳು. ಸದ್ದಿಲ್ಲ.

ಮುನಿರತ್ನಮ್ಮ ಒಂದೊಂದೇ ತಟ್ಟೆಯನ್ನು ಹೊರಗೆ ತಂದು ಗುಂಡಿಗೆ ಕೊಡವುತ್ತಿದ್ದರು. ಪದ್ಮಾ ಅವುಗಳ ಮೇಲೆ ಸುಣ್ಣ ಹಾಕುತ್ತಿದ್ದಳು. ನನ್ನನ್ನು ನೋಡಿ ನಿಂತಳು.

“ಯಾಕ್ ಬಂದ್ರಿ ಸಾರ್ ಇವತ್ತು?”

“ನಿನ್ನ ಪುಸ್ತಕ ಅಚ್ಚು ಹಾಕಿಸ್ತಾರಂತಮ್ಮ. ಹಸ್ತಪ್ರತಿ ತಗೊಂಡು ಹೋಗೋಣ ಅಂತ...”

“ಯಾವ್ ಪುಸ್ತಕ ಸಾರ್?” ಎಂದಳು. ಗುಂಡಿಯ ಕಡೆ ಕೈ ತೋರಿಸಿದಳು.

ಸುಣ್ಣದ ಮೇಲೆ ಫುಲ್‌ಸ್ಕೇಪ್ ಹಾಳೆಗಳು ಬಿದ್ದಿದ್ದವು. ಹುಳುವಿನ ಹಿಕ್ಕೆ, ಒಣಗಿದ ಸೊಪ್ಪು, ಹಸಿರು ಕಲೆ. ನಡುವೆ ಅಲ್ಲಲ್ಲಿ ಕೆಂಪು ಇಂಕು. ಅದು ನನ್ನ ಅಕ್ಷರ.

ಮರಿಹುಳುವಿನ ತಟ್ಟೆಗೆ ಕೆಳಗೆ ಕಾಗದ ಹಾಸಬೇಕು. ಮೇಣದ ಕಾಗದವೇ ಹಾಸಿ ಎಂದು ರೇಷ್ಮೆ ಇಲಾಖೆಯವರು ಹೇಳುತ್ತಾರೆ. ಎಲ್ಲರೂ ಹಳೇ ನ್ಯೂಸ್‌ಪೇಪರ್ ಹಾಸುತ್ತಾರೆ. ಈ ಮನೆಯಲ್ಲಿ ಇಪ್ಪತ್ತು ತಟ್ಟೆಗೆ ಪೇಪರ್ ಸಾಕಾಯಿತು. ಉಳಿದ ಎಂಟಕ್ಕೆ ಸಾಲಲಿಲ್ಲ. ಆ ಹೊತ್ತಿಗೆ ನನ್ನ ನಾಲ್ಕು ಪುಟ ಬಂದು ಎರಡು ವಾರವಾಗಿತ್ತು. ಪದ್ಮಾ ಟ್ಯಾಗ್ ಬಿಚ್ಚಿ, ಒಂದನೇ ಅಧ್ಯಾಯದಿಂದ ಒಂಬತ್ತನೆಯದರವರೆಗೆ ತಾನೇ ಹಾಸಿದ್ದಳು.

ಇಪ್ಪತ್ತು ತಟ್ಟೆ ನೆಟ್ಟಗಿದ್ದವು. ಒಂದೇ ಸೊಪ್ಪು, ಒಂದೇ ಕೋಣೆ, ಒಂದೇ ಕೈ. ಸತ್ತದ್ದು ಆ ಎಂಟು.

ನನಗೆ ಯಾವಾಗ ತಿಳಿಯಿತು? ಇಲ್ಲಿ ಸುಳ್ಳು ಹೇಳಬಾರದು. ಕೆಂಪು ಇಂಕು ಕಂಡ ಕ್ಷಣವೇ ತಿಳಿಯಿತು. ನಶ್ಯವೆಂದರೆ ಹೊಗೆಸೊಪ್ಪಿನ ಪುಡಿ. ಹೊಗೆಸೊಪ್ಪಿನಲ್ಲಿ ನಿಕೋಟಿನ್ ಇದೆ. ನಿಕೋಟಿನ್ ಕೀಟಗಳಿಗೆ ವಿಷ, ಹಿಂದೆ ಬೆಳೆಗೆ ಔಷಧಿಯಾಗಿ ಹೊಡೆಯುತ್ತಿದ್ದರು. ವರ್ಷವರ್ಷವೂ ತರಗತಿಯಲ್ಲಿ ಹೇಳಿ, ಬೋರ್ಡಿನ ಮೇಲೆ ಬರೆದು, ಅದೇ ಬೆರಳಿನಿಂದ ಚಿಟಿಕೆ ಏರಿಸಿದವನು ನಾನು. ಆ ಬೆರಳಿನಿಂದಲೇ ಪುಟ ತಿರುವಿದ್ದೆ. ಓದು ಬಹಳ ಹಿಡಿದ ಕಡೆ ಬಹಳ ಉದುರಿರಬೇಕು.

ನನ್ನ ಬಲಗೈ ಜೇಬಿನಲ್ಲಿತ್ತು. ಡಬ್ಬಿಯ ಮೇಲೆ.

“ನೋಡಿದ್ರಾ ಸಾರ್?” ಎಂದರು ಮುನಿರತ್ನಮ್ಮ. “ಪೇಪರ್ ಹಾಸಿದ್ದು ನೆಟ್ಟಗವೆ. ಇವಳ ಕಥೆ ಹಾಸಿದ್ದು ಸತ್ತವೆ. ಲೋಕ ಸಾಯೋ ಕಥೆ ಬರ್ದು ಹುಳದ ಕೆಳಗೆ ಹಾಸಿದ್ರೆ ಅವು ಬದುಕ್ತವಾ?”

“ಅಮ್ಮ, ಅದು ಕಾಗದ ಕಣಮ್ಮ.”

“ಅದೂ ಕಾಗದವೇ, ಇದೂ ಕಾಗದವೇ. ಅದು ಯಾಕೆ ಸಾಯ್ಲಿಲ್ಲ? ಹೇಳು. ಬಿ.ಎ. ಓದಿದೀಯಲ್ಲ, ಹೇಳು.”

ಉತ್ತರ ಗೊತ್ತಿದ್ದವನು ಒಗೆಯುವ ಕಲ್ಲಿನ ಪಕ್ಕ ನಿಂತಿದ್ದ.

ಮುನಿರತ್ನಮ್ಮನನ್ನು ಕೆಟ್ಟವರೆಂದು ತಿಳಿಯಬೇಡಿ. ಮಗಳು ಬರೆಯಲೆಂದು ಸಂಜೆಯ ಪಾತ್ರೆಯನ್ನು ತಾವೇ ತೊಳೆದವರು ಅವರು. ಕಾಗದ ತರಿಸಿಕೊಟ್ಟವರೂ ಅವರೇ. ಆದರೆ ಹುಳು ಅವರಿಗೆ ಹುಳುವಲ್ಲ. ಒಳಗೆ ಕಾಲಿಡುವಾಗ ‘ತಾಯಿ’ ಎಂದೇ ಇಡುತ್ತಾರೆ. ಒಳಗೆ ಹೋಗಿ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ತಂದರು. ಬದುಕಿದ್ದ ತಟ್ಟೆಗಳ ಎದುರಿಗೆ, ಹೊಸ್ತಿಲಿನ ಒಳಗೆ ಮಗಳನ್ನು ನಿಲ್ಲಿಸಿದರು.

“ಸೊಪ್ಪು ಮುಟ್ಟಿ ಹೇಳು. ಇನ್ನು ಕಥೆ ಬರಿಯಲ್ಲ ಅಂತ.”

“ಅಮ್ಮ, ಬ್ಯಾಡಮ್ಮ.”

“ಒಳಗಿರೋವಾದ್ರೂ ಉಳೀಬೇಕಾ ಬ್ಯಾಡ್ವಾ? ಪೋನಿ, ಹೋಗ್ಲಿ, ನಿಂಗೆ ಕಥೇನೇ ದೊಡ್ಡದು ಅಂದ್ರೆ ಇವನ್ನೂ ತಂದು ಗುಂಡಿಗೆ ಹಾಕಣ. ಹೇಳು.”

ಪದ್ಮಾ ನನ್ನ ಕಡೆ ನೋಡಿದಳು. ಮೇಷ್ಟ್ರಲ್ಲವೇ, ಏನಾದರೂ ಹೇಳಿಯಾರು ಎಂದು ನೋಡಿದಳು. ನಾನು ಜೇಬಿನಿಂದ ಕೈ ತೆಗೆಯಲಿಲ್ಲ. ಎಷ್ಟು ಹೊತ್ತು ಸುಮ್ಮನಿದ್ದೆ? ಒಂದು ಹುಡುಗಿ ಕೈ ಚಾಚಿ, ಸೊಪ್ಪು ಮುಟ್ಟಿ, ‘ಇನ್ನು ನಾನು ಕಥೆ ಬರಿಯಲ್ಲ’ ಎನ್ನುವಷ್ಟು ಹೊತ್ತು.

ಅಂದಳು. ಮುನಿರತ್ನಮ್ಮ ಆ ಸೊಪ್ಪನ್ನು ಸಣ್ಣಗೆ ಹರಿದು ತಟ್ಟೆಗಳ ಮೇಲೆ ಉದುರಿಸಿದರು. ಹುಳುಗಳು ಮೇಯತೊಡಗಿದವು.

ಐದು ನಿಮಿಷ ಕಳೆದಿರಲಿಕ್ಕಿಲ್ಲ, ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ಮೊಪೆಡ್ ಏರಿ ಬಂದರು. ಮನೆಯವರು ಬೆಳಗ್ಗೆಯೇ ಅವರಿಗೆ ಹೇಳಿಕಳಿಸಿದ್ದರಂತೆ. ತೆಳ್ಳನೆಯ ಮನುಷ್ಯ, ಮಾತು ಕಮ್ಮಿ. ಗುಂಡಿಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಹುಳುವನ್ನು ಅಂಗೈ ಮೇಲೆ ಇಟ್ಟು ನೋಡಿದರು. ಕೊನೆಯ ತಟ್ಟೆಯಿಂದ ಒಂದು ಹಾಳೆ ಎತ್ತಿ, ಮಡಿಕೆ ಬಿಡಿಸಿ, ಬಿಳಿ ಕರ್ಚೀಫಿನ ಮೇಲೆ ಕೊಡವಿದರು. ಕಂದು ಪುಡಿ. ಮೂಗಿನ ಹತ್ತಿರ ಹಿಡಿದರು.

ಮೂರು ಸಲ ಸೀನಿದರು.

“ಹೊಗೆಸೊಪ್ಪು” ಎಂದರು. “ಯಾರಮ್ಮ ಮನೇಲಿ ನಶ್ಯ ಹಾಕೋರು?”

“ನಮ್ಮನೇಲಿ ಯಾರೂ ಇಲ್ಲಪ್ಪ.”

ಆಗ ನಾನು ಡಬ್ಬಿ ತೆಗೆದು ಒಗೆಯುವ ಕಲ್ಲಿನ ಮೇಲೆ ಇಟ್ಟೆ. ಯಾರೂ ಕೇಳದೆಯೇ ಇಟ್ಟೆ ಎಂದು ಬರೆದುಕೊಳ್ಳಬಹುದಿತ್ತು. ಆದರೆ ಅವರು ಸೀನಿದ ಮೇಲೆ ಇಟ್ಟದ್ದು. ಸೀನದಿದ್ದರೆ ಇಡುತ್ತಿದ್ದೆನೇ? ಐದು ದಿನದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಡೆಮಾನ್‌ಸ್ಟ್ರೇಟರ್ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. “ನೀವು ನಮ್ಮ ತಮ್ಮನಿಗೆ ಕೆಮಿಸ್ಟ್ರಿ ಹೇಳಿದವರಲ್ವಾ ಸಾರ್?” ಎಂದರು. ಅಷ್ಟೇ.

ಮುನಿರತ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. “ಬುಡಿ ಸಾರ್. ನಿಮಗೇನು ಗೊತ್ತಿತ್ತು?”

ಗೊತ್ತಿತ್ತು. ಅದನ್ನು ಬಿಟ್ಟು ಬೇರೆಯದು ಕೇಳಿದೆ: “ಹಾಗಾದರೆ ಆ ಆಣೆ ಬೇಡವಲ್ಲಮ್ಮ? ತಪ್ಪು ಕಥೆಯದಲ್ಲ, ನನ್ನದು. ಹಿಂದಕ್ಕೆ ತಗೊಳ್ಳಿ.”

“ಹೆಂಗ್ ತಗಳ್ಳದು ಸಾರ್?” ಎಂದರು ಆ ತಾಯಿ. ಕೋಪದಿಂದಲ್ಲ. ಬಸ್ಸು ಹೋಯಿತು ಎನ್ನುವಂತೆ ಹೇಳಿದರು. “ನಿಮ್ಮ ಮುಂದೆ ಮಾಡಿದ್ರೆ ನೀವು ಬುಟ್ಬುಡ್ತಿದ್ರಿ. ಅವರ ಮುಂದೆ ಮಾಡವ್ಳೆ. ಇಪ್ಪತ್ತು ತಟ್ಟೆ ತಾಯಂದಿರು ಕೇಳಿಸ್ಕಂಡವ್ರೆ. ಆ ಸೊಪ್ಪನ್ನ ತಿಂದೂ ಆಯ್ತು.”

ಪದ್ಮಾ ನನ್ನ ಜೊತೆ ರಸ್ತೆಯ ತನಕ ಬಂದಳು. ಕೈಯಲ್ಲಿ ಉಳಿದ ಹಾಳೆಗಳ ಕಟ್ಟು, ಹತ್ತರಿಂದ ಹದಿನಾರು. ನನಗೆ ಕೊಟ್ಟಳು.

“ಇದ್ರಾಗೆ ನಶ್ಯ ಇಲ್ಲ ಸಾರ್. ಕೊಡವಿ ನೋಡ್ದೆ.”

ನಾನು ತಲೆ ತಗ್ಗಿಸಿದೆ. ಆ ಅಧ್ಯಾಯಗಳಲ್ಲಿ ನಶ್ಯ ಯಾಕಿಲ್ಲ ಎಂದು ಅವಳು ಊಹಿಸಿದ್ದಳು.

“ರಕ್ತದಲ್ಲಿರೋ ಕಬ್ಬಿಣ ಏನಾಯ್ತು ಅಂತ ಬರೆದಿದ್ರಲ್ಲ ಸಾರ್. ಅದು ಹದಿಮೂರನೇ ಅಧ್ಯಾಯದಲ್ಲಿದೆ. ಮಕ್ಕಳು ಬಿಳಿಚ್ಕೊಳ್ತಾರೆ, ಮೆಟ್ಟಲು ಹತ್ತೋಕಾಗಲ್ಲ, ಮಣ್ಣು ತಿನ್ನೋಕೆ ಶುರು ಮಾಡ್ತಾರೆ. ನೀವು ಅಲ್ಲಿ ‘ಅನಾವಶ್ಯಕ ವಿವರ’ ಅಂತ ಬರೆದಿದೀರ.”

ಹೌದು. ಬರೆದಿದ್ದೆ. ಹುಣಸೆಮರದ ಕೆಳಗೆ ನಿಂತು ತೆಗೆದು ನೋಡಿದೆ, ಕೆಂಪು ಇಂಕಿನಲ್ಲಿ ಹಾಗೇ ಇತ್ತು.

“ಆದ್ರೆ ಅರ್ಧ ದಿನದಲ್ಲಿ ಗೌರಿಬಿದನೂರಿಂದ ಬರೋಕಾಗಲ್ಲ ಅನ್ನೋದು ಸರಿ ಸಾರ್” ಎಂದಳು. “ಅದನ್ನ ತಿದ್ದಬೇಕಿತ್ತು.”

ತಿದ್ದಬೇಕಿತ್ತು. ಇಪ್ಪತ್ತು ವರ್ಷದ ಹುಡುಗಿ ಹಾಗೆ ಮುಗಿದುಹೋದ ಕೆಲಸದಂತೆ ಮಾತಾಡಿದ್ದು ನನಗೆ ಸಹಿಸಲಾಗಲಿಲ್ಲ. ಮೊದಲ ಒಂಬತ್ತು ಅಧ್ಯಾಯದ ಕರಡು ಎಲ್ಲಾದರೂ ಇದೆಯೇ ಎಂದು ಕೇಳಿದೆ. ಇಲ್ಲ. ಕರಡನ್ನು ಹೋದ ಬೆಳೆಗೇ ಹಾಸಿದ್ದಳಂತೆ. (ಆಗ ಹುಳು ಚೆನ್ನಾಗಿಯೇ ಗೂಡು ಕಟ್ಟಿದ್ದವು. ಲೋಕ ಸಾಯುವ ಅದೇ ಕಥೆ. ಅದನ್ನು ತಾಯಿಗೆ ಹೇಳಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ನನಗೂ ಬಸ್ಸು ಹತ್ತಿದ ಮೇಲೆ ಹೊಳೆಯಿತು.) ಬೇರೆ ಯಾರಾದರೂ ಓದಿದ್ದಾರೆಯೇ ಎಂದೂ ಕೇಳಿದೆ.

“ನೂರ್‌ಜಹಾನ್ ಓದಿದಾಳೆ ಸಾರ್. ನನ್ನ ಕ್ಲಾಸು. ಶಿಡ್ಲಘಟ್ಟದಿಂದ ಒಂದೇ ಬಸ್ಸು. ಬರೆದಂಗೆ ಬರೆದಂಗೆ ಅವಳಿಗೆ ಓದಿ ಹೇಳ್ತಿದ್ದೆ.”

ಚಿಕ್ಕಬಳ್ಳಾಪುರಕ್ಕೆ ಟಿಕೆಟ್ ತೆಗೆದವನು ಶಿಡ್ಲಘಟ್ಟದಲ್ಲಿ ಇಳಿದುಬಿಟ್ಟೆ.

ನೂರ್‌ಜಹಾನಳ ಮನೆಯ ಹಿಂದೆ ರೇಷ್ಮೆ ನೂಲು ತೆಗೆಯುವ ಶೆಡ್ಡಿದೆ. ಗೂಡು ಬೇಯುವ ವಾಸನೆ ಬೀದಿಯ ತಿರುವಿನಲ್ಲೇ ಸಿಕ್ಕಿತು. ಅವತ್ತು ಕೆಲಸದವಳೊಬ್ಬಳು ಬಂದಿರಲಿಲ್ಲವೆಂದು ಅವಳೇ ಬಾಣಲೆಯ ಮುಂದೆ ಕೂತು ಬಿಸಿನೀರಿನಿಂದ ಎಳೆ ಎತ್ತುತ್ತಿದ್ದಳು. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನಾನು ನಡೆದದ್ದನ್ನೆಲ್ಲ ಕ್ರಮವಾಗಿ ಹೇಳಿದೆ. ಡಬ್ಬಿಯದನ್ನೂ, ಕೈ ಜೇಬಿನಲ್ಲಿ ಇದ್ದದ್ದನ್ನೂ.

“ಯಾ ಅಲ್ಲಾಹ್! ಹುಳದ ಮನೇಗ್ ಹೋಗೋ ಕಾಗದದ ಮೇಲೆ ನಶ್ಯಾನಾ ಸರ್?”

“ಹುಳುಮನೆಗೆ ಹೋಗುತ್ತದೆ ಎಂದು ಗೊತ್ತಿರಲಿಲ್ಲಮ್ಮ.”

“ನೀವು ಚೆನ್ನಾಗಿದೆ ಅಂತ ಬರೆದಿದ್ರೆ ಯಾಕೆ ಹೋಗ್ತಿತ್ತು?”

ಮೊದಲ ಅಧ್ಯಾಯ ನೆನಪಿದೆಯೇ ಎಂದು ಕೇಳಿದೆ. “ಬೆಳಗಾಗುತ್ತೆ, ಬಾಗಿಲುಗಳೆಲ್ಲ ಬೀಳುತ್ತವೆ...” ಎಂದು ನಾನೇ ಶುರು ಮಾಡಿದೆ.

“ಹಂಗಲ್ಲ ಸರ್” ಎಂದು ತಡೆದಳು. ಕೈ ನಿಲ್ಲಿಸದೆ, ಎಳೆ ಬಿಡದೆ, ಬಾಣಲೆಯನ್ನೇ ನೋಡುತ್ತಾ ಹೇಳತೊಡಗಿದಳು. “‘ಮೊದಲು ಬಿದ್ದದ್ದು ನಮ್ಮ ಮನೆಯ ಬಾಗಿಲು. ಅಮ್ಮ ಗಾಳಿಯನ್ನು ಬಯ್ದಳು. ಎರಡನೆಯದು ಎದುರುಮನೆಯದು. ಆಗಲೂ ಅಮ್ಮ ಗಾಳಿಯನ್ನೇ ಬಯ್ದಳು. ಹನ್ನೊಂದನೆಯ ಬಾಗಿಲು ಬಿದ್ದ ಮೇಲೆ ಅಮ್ಮ ಸುಮ್ಮನಾದಳು. ಗಾಳಿ ಇರಲೇ ಇಲ್ಲ.’ ಇದು ಸರ್ ಶುರು.”

ನಾನು ಶೆಡ್ಡಿನ ಕಂಬಕ್ಕೆ ಒರಗಿದೆ. ಆ ಸಾಲುಗಳು ನನಗೆ ಒಂದೂ ನೆನಪಿರಲಿಲ್ಲ. ಅವುಗಳ ಪಕ್ಕದಲ್ಲಿ ‘ವಾಕ್ಯ ತುಂಡು ತುಂಡು’ ಎಂದು ನಾನು ಬರೆದದ್ದು ನೆನಪಿತ್ತು.

“ನೀನು ಬರಿ” ಎಂದೆ. “ಒಂಬತ್ತು ಅಧ್ಯಾಯ.”

“ಅವಳ ಕಥೆ ಸರ್ ಅದು. ನಾನು ಬರೆದ್ರೆ ಕದ್ದಂಗಲ್ವಾ?”

“ಹೆಸರು ಅವಳದ್ದೇ ಇರುತ್ತೆ. ಅವಳು ಹೇಳಲಿ, ನೀನು ಬರಿ. ಬರೆಯಲ್ಲ ಅಂತ ಆಣೆ ಮಾಡಿದ್ದಾಳೆ, ಹೇಳಲ್ಲ ಅಂತ ಮಾಡಿಲ್ಲ.”

ಅವಳು ಒಂದು ಗೂಡಿನ ಎಳೆ ಮುಗಿಸಿ ಇನ್ನೊಂದರ ಎಳೆ ಸೇರಿಸಿದಳು. ಒಳಗಿನಿಂದ ಅವಳ ತಾಯಿ ಉರ್ದುವಿನಲ್ಲಿ ಯಾರು ಬಂದಿರುವುದು ಎಂದು ಕೂಗಿ ಕೇಳಿದರು. “ಕಾಲೇಜ್ ಕೆ ಸರ್, ಅಮ್ಮಿ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಅವಳ ಅಮ್ಮನಿಗೆ ಗೊತ್ತಾದ್ರೆ?” ಎಂದಳು.

ಗೊತ್ತಾಗಲಿ ಎಂದೇ ಈ ವಾರ ಇಲ್ಲಿ ಬರೆದಿದ್ದೇನೆ. ಮುನಿರತ್ನಮ್ಮನವರು ಓದುವುದಿಲ್ಲ, ಓದಿ ಹೇಳುವವರು ಆ ಊರಿನಲ್ಲಿದ್ದಾರೆ. ಅಮ್ಮ, ನಿಮ್ಮ ಎಂಟು ತಟ್ಟೆ ಕೊಂದದ್ದು ನಿಮ್ಮ ಮಗಳ ಕಥೆಯಲ್ಲ. ನನಗೆ ಗೊತ್ತಿತ್ತು. ಆಣೆಗೆ ಮುಂಚೆಯೇ ಗೊತ್ತಿತ್ತು. ಇದನ್ನು ನಿಮ್ಮ ಅಂಗಳದಲ್ಲಿ ಹೇಳಬೇಕಿತ್ತು.

ನೂರ್‌ಜಹಾನ್ ಒಪ್ಪಿದಳೋ ಇಲ್ಲವೋ ನನಗೆ ಖಚಿತವಿಲ್ಲ. ಖಚಿತವಿಲ್ಲದ್ದನ್ನು ಬರೆಯುವುದಿಲ್ಲ. ನಾನು ಹೊರಟಾಗ ಅವಳು ಆಡಿದ ಮಾತು ಇಷ್ಟು: “ಬಸ್ಸಲ್ಲಿ ಕೈ ಅಲ್ಲಾಡುತ್ತೆ ಸರ್. ಅಕ್ಷರ ಚೆನ್ನಾಗ್ ಬರಲ್ಲ.”

‘ಕಬ್ಬಿಣ ಸತ್ತ ಮೇಲೆ’ ಕಾದಂಬರಿಯ ಮೊದಲ ಒಂಬತ್ತು ಅಧ್ಯಾಯ ಈಗ ಕಾಗದದ ಮೇಲೆ ಇಲ್ಲ. ಅದನ್ನು ಕಂಡು ಇನ್ನೂ ಬದುಕಿರುವವರು ನಾಲ್ವರು. ಬರೆದ ಪದ್ಮಾ, ಅವಳ ಕೈಯನ್ನು ಸೊಪ್ಪು ಕಟ್ಟಿಹಾಕಿದೆ. ಕೃಷ್ಣಮೂರ್ತಿಗಳು, ಎಪ್ಪತ್ತೈದರ ಅವರಿಗೆ ಅಜ್ಜಿಯ ನಗು ನೆನಪಿದೆ, ಉಳಿದದ್ದು ಮಸುಕು. ನಾನು, ನನಗೆ ತಪ್ಪುಗಳು ಮಾತ್ರ ಬಾಯಿಪಾಠ.

ನಾಲ್ಕನೆಯವಳು ಶಿಡ್ಲಘಟ್ಟದ ನೂರ್‌ಜಹಾನ್. ಅವಳು ಯಾವ ಸೊಪ್ಪನ್ನೂ ಮುಟ್ಟಿಲ್ಲ.